ಗಾಳ ಹಿಡಿದ ಕೈ

ಟಾರ್ನೀಟ್, ಮೆಲ್ಬರ್ನ್
ಮಾರ್ಚ್ 4, 2025

ಬದರಿ,

ಚಿರಂಜೀವಿ ಎಂದು ಶುರು ಮಾಡುವುದು ನನ್ನ ರೂಢಿ. ಈ ಸಲ ಕೈ ಬರುತ್ತಿಲ್ಲ. ನೀನು ಆರೋಗ್ಯವಾಗಿದ್ದೀಯೆಂದು ಆದ್ಯಾ ಹೇಳಿದಳು, ಅಷ್ಟು ಸಾಕು.

ಫೋನ್ ಬಿಟ್ಟು ಕಾಗದ ಯಾಕೆ ಎಂದು ನಿನಗೆ ಅನ್ನಿಸಬಹುದು. ನೀನು ಫೋನಿನಲ್ಲಿ ಒತ್ತಿದ ಎರಡು ಸಾಲು ಒಂದು ಸಂಜೆಯೊಳಗೆ ಎಲ್ಲೆಲ್ಲಿ ಸುತ್ತಿತು ಎಂದು ನೋಡಿದ ಮೇಲೆ ನನಗೆ ಆ ಯಂತ್ರದ ಮೇಲೆ ನಂಬಿಕೆ ಹೋಗಿದೆ. ಕಾಗದವನ್ನು ಇನ್ನೊಬ್ಬರಿಗೆ ದಾಟಿಸಬೇಕಾದರೆ ಕನಿಷ್ಠ ಎದ್ದು ಅಂಚೆಪೆಟ್ಟಿಗೆಯ ತನಕ ನಡೆಯಬೇಕು.

ಆದದ್ದು ಇಷ್ಟು. ನನ್ನ ಮನೆಯಲ್ಲಿದ್ದು ಓದುವ ನಿನ್ನ ಮಗಳು ಆದ್ಯಾ ಇಲ್ಲಿನ ವೆರಿಬೀ ನದಿಯಲ್ಲಿ ತನ್ನ ಮೊದಲ ಮೀನು ಹಿಡಿದಳು. ಅದು ಅಂಗೈಗಿಂತ ಸ್ವಲ್ಪ ಉದ್ದದ ರೆಡ್‌ಫಿನ್. ಒದ್ದೆ ಕೈಯಲ್ಲಿ ಎತ್ತಿ, ಫೋಟೋ ತೆಗೆಸಿಕೊಂಡು, ನೀರಿಗೆ ಬಿಟ್ಟಳು. ಖುಷಿಯಿಂದ ನಿನಗೇ ಮೊದಲು ಕಳಿಸಿದಳು. ಜೊತೆಯಲ್ಲಿ ನಿಂತಿದ್ದವರು ಯಾರು ಎಂದು ನೀನು ಕೇಳಿದೆ. ವಿಜಯ್ ಅಂಕಲ್, ಅವರ ತಂದೆ ಕಬಿನಿಯಲ್ಲಿ ತೆಪ್ಪ ಹಾಕಿ ಮೀನು ಹಿಡಿಯುತ್ತಿದ್ದರಂತೆ, how cool ಎಂದು ಬರೆದಳು. ಅವಳಿಗೆ ಅದು ಹೆಮ್ಮೆಯ ಸಂಗತಿ. ನೀನು ನಮ್ಮ ಕುಟುಂಬದ ಗ್ರೂಪಿನಲ್ಲಿ ಏನು ಹಾಕಿದೆ? "ಮಗಳನ್ನ ಓದಕ್ಕೆ ಕಳಿಸಿದ್ರೆ ಅಕ್ಕ ಬೆಸ್ತರವಳನ್ನ ಮಾಡಿದಾಳೆ. ಗುರುವೂ ಸಿಕ್ಕಿದಾನೆ, ಅಸಲಿ ಬೆಸ್ತ." ಕೆಳಗೆ ನಗುವ ಮುಖಗಳು.

ನಮ್ಮ ಚಿಕ್ಕಪ್ಪನ ಮಗಳು ಅನಸೂಯಾ ನನ್ನಿಂದ ನಾಲ್ಕು ಬೀದಿ ಆಚೆ ಇದ್ದಾಳೆಂಬುದು ನಿನಗೆ ನೆನಪಿರಲಿಲ್ಲವೇ? ಅವಳು ತನ್ನ ಗೆಳತಿಯರಿಗೆ ದಾಟಿಸಿದಳು, ಅವರು ಗಂಡಂದಿರಿಗೆ. ರಾತ್ರಿಯ ಊಟದ ಹೊತ್ತಿಗೆ ಇಲ್ಲಿನ ಕನ್ನಡ ಬಳಗದ ನೂರಾರು ಜನ ಓದಿದ್ದರು. ವಿಜಯ ಕೂಡ ಆ ಬಳಗದಲ್ಲಿ ಇದ್ದಾರೆ. ಎಂಟು ವರ್ಷದಿಂದ ಅಲ್ಲಿ ಅವರು "ಮೈಸೂರು ಕಡೆಯ ವಿಜಯ್", ಬ್ಯಾಂಕಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್, ಸಾನ್ವಿಯ ಅಪ್ಪ. ಇನ್ನೇನೂ ಆಗಿರಲಿಲ್ಲ. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಅದನ್ನು ನೀನು ಸಿಡ್ನಿಯಲ್ಲಿ ಸೋಫಾದ ಮೇಲೆ ಕೂತು ಕಿತ್ತುಕೊಂಡೆ.

ಗುರು ಎಂದೆಯಲ್ಲ, ಗುರು ಅವರಲ್ಲ, ನಾನು. ಇಂಗ್ಲೆಂಡಿನ ಹೆರೆಫರ್ಡ್‌ನಲ್ಲಿ ಕಿರಿಯ ಡಾಕ್ಟರಾಗಿದ್ದಾಗ ವೈ ನದಿಯ ದಂಡೆಯಲ್ಲಿ ಕಲಿತೆ. ಅಲ್ಲಿ ಚಬ್ ಎಂಬ ಮೀನಿದೆ. ದಪ್ಪ ತುಟಿ, ಹಿತ್ತಾಳೆಯ ಮೈ. ನಿನ್ನ ನೆರಳು ನೀರಿಗೆ ಬಿದ್ದರೆ ಸಾಕು, ಮಾಯ. ಆದರೆ ಕೊಂಬೆಯಿಂದ ಹುಳವೋ ಹಣ್ಣೋ ಬಿದ್ದ ಸದ್ದಾದರೆ ತಡೆಯಲಾರದೆ ಬರುತ್ತದೆ. ಗರಿ, ದಾರ ಸುತ್ತಿ ಮಾಡಿದ ಹುಸಿ ಹುಳವನ್ನು ಹಾಗೆ ಬೀಳಿಸುವುದೇ ಇದರ ವಿದ್ಯೆ. ಈ ದೇಶದಲ್ಲಿ ಚಬ್ ಇಲ್ಲ. ನದಿಯಲ್ಲಿಯೂ ಕೆರೆಗಳಲ್ಲಿಯೂ ಸಿಕ್ಕಿದ ಬೇರೆ ಮೀನಿನ ಮೇಲೆ ಅದೇ ವಿದ್ಯೆ ನಡೆಸುತ್ತೇನೆ. ಎರಡು ವರ್ಷದ ಹಿಂದೆ ವಿಜಯ ದಂಡೆಯಲ್ಲಿ ನಿಂತು ನೋಡಿ, "ಆಂಟಿ, ಹೀಗೂ ಮೀನು ಹಿಡೀತಾರಾ, ನಂಗೂ ಹೇಳ್ಕೊಡ್ತೀರಾ" ಎಂದು ಕೇಳಿದರು. ಚಬ್ಬಿನ ವಿಷಯ ಹೇಳಿದಾಗ, "ನಮ್ಮ ಹೊಳೇಲೂ ಅತ್ತಿಮರದ ಕೆಳಗೆ ಹಂಗೇ ಬರ್ತವೆ" ಎಂದು ನಕ್ಕರು.

ನೀನು ಅವರ ಕ್ಷಮೆ ಕೇಳಬೇಕು. ಬೇಗ ಕೇಳಬೇಕು.

ವತ್ಸಲಾ


ಎಪ್ಪಿಂಗ್, ಸಿಡ್ನಿ
ಮಾರ್ಚ್ 19, 2025

ಅಕ್ಕನಿಗೆ ಬದರಿಯ ನಮಸ್ಕಾರ.

ನಿನ್ನ ಕಾಗದ ಮೂರು ಸಲ ಓದಿದೆ. ನನ್ನ ವಯಸ್ಸಿನಲ್ಲಿ ಹೀಗೆ ಬೈಸಿಕೊಳ್ಳಬೇಕಾಯಿತಲ್ಲ ಎಂದು ಬೇಸರವಾಯಿತು.

ನಾನು ಬರೆದದ್ದು ಮನೆಯವರಿಗೆ. ಅನಸೂಯಾ ದಾಟಿಸಿದರೆ ಅವಳನ್ನು ಕೇಳು. ಬೆಸ್ತ ಎಂಬುದು ಬೈಗುಳವಲ್ಲ, ಒಂದು ಕಸುಬಿನ ಹೆಸರು. ನನ್ನನ್ನು ಯಾರಾದರೂ ಪುರೋಹಿತ ಎಂದರೆ ನಾನು ಅಳುತ್ತಾ ಕೂರುತ್ತೇನೆಯೇ? ಆಸ್ಟ್ರೇಲಿಯಾಕ್ಕೆ ಬಂದು ಬ್ಯಾಂಕಿನಲ್ಲಿ ಕೆಲಸ ಮಾಡುವ ಮನುಷ್ಯ ಒಂದು ತಮಾಷೆಗೆ ಇಷ್ಟು ನೊಂದುಕೊಳ್ಳುತ್ತಾನೆಂದರೆ ನನಗೆ ನಂಬಲು ಕಷ್ಟ.

ಅಸಲು ವಿಷಯವನ್ನು ನೀನು ಜಾಣತನದಿಂದ ದಾಟಿಹೋಗಿದ್ದೀಯ. ಈರುಳ್ಳಿ ಕೂಡ ಮನೆಯೊಳಗೆ ಬರದ ಕಡೆ ಬೆಳೆದವರು ನಾವು. ನೀನು ಮೀನು ತಿನ್ನುವುದಿಲ್ಲ. ಆದರೂ ಅದರ ಬಾಯಿಗೆ ಗಾಳ ಚುಚ್ಚಿ, ಎಳೆದಾಡಿ, ದಣಿಸಿ, ಫೋಟೋ ತೆಗೆದು ಬಿಡುತ್ತೀಯ. ಹಸಿದವನು ಹಿಡಿದು ತಿಂದರೆ ಅರ್ಥವಿದೆ. ತಿನ್ನದೆ ನೋಯಿಸುವುದು ತಿನ್ನುವುದಕ್ಕಿಂತ ಹೀನ. ಇದನ್ನು ನನ್ನ ಮಗಳಿಗೆ ಕಲಿಸಲು ನಿನಗೆ ಯಾರು ಅನುಮತಿ ಕೊಟ್ಟರು?

ಆದ್ಯಾಳಿಗೆ ಯೂನಿವರ್ಸಿಟಿ ಹತ್ತಿರ ಬೇರೆ ರೂಮು ನೋಡುತ್ತಿದ್ದೇನೆ.

ಇತಿ,
ಬದರಿನಾಥ


ಟಾರ್ನೀಟ್
ಏಪ್ರಿಲ್ 8, 2025

ಬದರಿ,

ಮೀನಿನ ನೋವಿನ ಬಗ್ಗೆ ನೀನು ಕೇಳಿದ ಪ್ರಶ್ನೆ ಸರಿಯಾದದ್ದು. ಬಿಡಿಸುವಾಗ ಬಾಯಿ ಹರಿಯದಂತೆ ಗಾಳದ ಒಳಮುಳ್ಳನ್ನು ಚಪ್ಪಟೆ ಮಾಡುತ್ತೇನೆ, ಮೀನನ್ನು ನೀರಿನಿಂದ ಬಹಳ ಹೊತ್ತು ಹೊರಗಿಡುವುದಿಲ್ಲ. ಹೊರಗಿನಿಂದ ಬಂದು ಹಬ್ಬಿದ ಕಾರ್ಪ್ ಮೀನು ಸಿಕ್ಕರೆ ಇಲ್ಲಿನ ನಿಯಮದಂತೆ ಜೀವಂತ ಬಿಡುವಂತಿಲ್ಲ, ಅದಕ್ಕೇ ಅದರ ಕಡೆ ಎಸೆಯುವುದೇ ಇಲ್ಲ. ಇಷ್ಟೆಲ್ಲ ಮಾಡಿದರೂ ಅದು ಪೂರಾ ಉತ್ತರವಲ್ಲವೆಂದು ನನಗೆ ಗೊತ್ತು. ಮೂವತ್ತು ವರ್ಷ ಮ್ಯಾಕ್ವೆರಿ ಪಾರ್ಕಿನ ಔಷಧದ ಲ್ಯಾಬಿನಲ್ಲಿ ಇಲಿಗಳಿಗೆ ಸೂಜಿ ಚುಚ್ಚಿಸಿದ ನೀನೂ ಆ ಪ್ರಶ್ನೆಯನ್ನು ಒಮ್ಮೆ ನಿನಗೆ ಹಾಕಿಕೋ. ಆದರೆ ಅದು ನನಗೂ ಮೀನಿಗೂ ಇರುವ ತಕರಾರು. ಅದರ ಮರೆಯಲ್ಲಿ ನೀನು ವಿಜಯರಿಂದ ತಪ್ಪಿಸಿಕೊಳ್ಳಬೇಡ.

ತಮಾಷೆ ಎಂದೆ. ನಿನ್ನ ತಮಾಷೆ ಯುಗಾದಿಯ ದಿನ ಏನು ಮಾಡಿತು ಕೇಳು.

ಬಳಗದ ಯುಗಾದಿ ಊಟಕ್ಕೆ ಪ್ರತಿ ವರ್ಷ ಬಡಿಸುವ ತಂಡದ ಮುಖ್ಯಸ್ಥರು ವಿಜಯ. ಪಂಚೆ ಮೇಲಕ್ಕೆ ಕಟ್ಟಿ ಸಾಲಿನುದ್ದಕ್ಕೂ ಓಡಾಡಿ, ಯಾರ ಎಲೆಯಲ್ಲಿ ಒಬ್ಬಟ್ಟು ಮುಗಿದಿದೆ ಎಂದು ನೋಡುತ್ತಿದ್ದವರು. ಈ ಸಲ ನಾನು ಹಾಲ್‌ಗೆ ಹೋದಾಗ ಅವರು ಹೊರಗೆ ಹಳದಿ ಜಾಕೆಟ್ ಹಾಕಿಕೊಂಡು ಕಾರುಗಳಿಗೆ ದಾರಿ ತೋರಿಸುತ್ತಿದ್ದರು. ಕಾಲುನೋವೇನೋ ಅಂದುಕೊಂಡೆ. ಒಳಗೆ ಸಮಿತಿಯ ಮೂರ್ತಿಯನ್ನು ಕೇಳಿದೆ.

"ಏನಿಲ್ಲ ಮೇಡಂ, ರೊಟೇಷನ್ ಅಷ್ಟೆ."

"ಬಡಿಸೋರಲ್ಲಿ ಇನ್ಯಾರನ್ನ ರೊಟೇಟ್ ಮಾಡಿದ್ರಿ?"

ಮೂರ್ತಿ ಸಾಂಬಾರಿನ ಪಾತ್ರೆ ನೋಡಿದರು. "ಊರಿಂದ ಕೆಲವ್ರ ಪೇರೆಂಟ್ಸ್ ಬಂದಿರ್ತಾರೆ ಮೇಡಂ. ಹಿರಿಯರು. ನಮಗೇನೂ ಪರ್ಸನಲೀ ಇಲ್ಲ. ಸುಮ್ನೆ ಯಾರೂ ಮಾತಾಡೋ ಹಾಗಾಗ್ಬಾರ್ದು ಅಂತ."

"ಯಾರು ಮಾತಾಡಿದ್ರು?"

"ಇನ್ನೂ ಯಾರೂ ಮಾತಾಡಿಲ್ಲ."

ಕೇಳಿದೆಯಾ ಬದರಿ? ಇನ್ನೂ ಯಾರೂ ಮಾತಾಡಿರಲಿಲ್ಲ. ಮಾತಾಡಬಹುದೆಂದು ಮೊದಲೇ ಒಬ್ಬ ಮನುಷ್ಯನನ್ನು ಅನ್ನದ ಹತ್ತಿರದಿಂದ ಎಬ್ಬಿಸಿ ಹೊರಗೆ ನಿಲ್ಲಿಸಿದರು. ಮೆಲ್ಬರ್ನಿನಲ್ಲಿ, ಕೌನ್ಸಿಲಿನ ಹಾಲ್‌ನಲ್ಲಿ, ಗೋಡೆಯ ಮೇಲೆ ಎಲ್ಲರಿಗೂ ಸ್ವಾಗತ ಎಂಬ ಬೋರ್ಡಿನ ಕೆಳಗೆ.

ನಾನು ಎಲೆಯ ಮುಂದೆ ಕೂರಲಿಲ್ಲ. ಏನಾಯಿತೆಂದು ಸುತ್ತ ಇದ್ದವರಿಗೆಲ್ಲ ಕೇಳುವ ಹಾಗೆ ಹೇಳಿ ಹೊರಗೆ ಬಂದೆ. ಒಬ್ಬರೂ ಜೊತೆಗೆ ಏಳಲಿಲ್ಲ. ನಿನ್ನ ಮಗಳು ಮಾತ್ರ ಎದ್ದಳು. ಪಾರ್ಕಿಂಗ್‌ಗೆ ಹೋಗಿ ನೋಡಿದರೆ ಜಾಕೆಟ್ಟನ್ನು ಮಡಿಸಿ ಟ್ರಾಫಿಕ್ ಕೋನ್ ಮೇಲಿಟ್ಟು ವಿಜಯ ಹೊರಟುಹೋಗಿದ್ದರು. ಹಬ್ಬದ ದಿನ ಊಟ ಮಾಡದೆ.

ಕಸುಬಿನ ಹೆಸರು ಎಂದೆಯಲ್ಲ. ಪುರೋಹಿತನನ್ನು ಯಾವ ಊಟದ ಹಾಲ್‌ನಿಂದ ಪಾರ್ಕಿಂಗ್‌ಗೆ ಕಳಿಸುತ್ತಾರೆ, ತೋರಿಸು.

ಆದ್ಯಾ ಬೇರೆ ರೂಮಿಗೆ ಹೋಗುವುದಿಲ್ಲವಂತೆ. ಅವಳೇ ನಿನಗೆ ಹೇಳುತ್ತಾಳೆ.

ವತ್ಸಲಾ


ಎಪ್ಪಿಂಗ್
ಮೇ 2, 2025

ಅಕ್ಕ,

ಮೂರ್ತಿ ಯಾರೋ ನನಗೆ ಗೊತ್ತಿಲ್ಲ. ಅವನಿಗೆ ಹಾಗೆ ಮಾಡು ಎಂದು ನಾನು ಹೇಳಲಿಲ್ಲ. ಯಾರೋ ಮಾಡಿದ ಕೀಳುತನವನ್ನು ನನ್ನ ತಲೆಗೆ ಕಟ್ಟುತ್ತಿರುವುದು ಅನ್ಯಾಯ.

ಆದ್ಯಾ ಫೋನ್ ಎತ್ತುತ್ತಿಲ್ಲ. "Busy Appa" ಎಂದು ಮೆಸೇಜ್ ಬರುತ್ತದೆ. ಪರೀಕ್ಷೆಗೆ ಓದುತ್ತಿದ್ದಾಳೆಯೇ ಎಂದಷ್ಟು ತಿಳಿಸು.

ಬದರಿ


ಟಾರ್ನೀಟ್
ಜುಲೈ 14, 2025

ಬದರಿ,

ಉತ್ತರ ತಡವಾಯಿತು. ಓದಿದಳು, ಪರೀಕ್ಷೆಯೂ ಮುಗಿಯಿತು. ಚೆನ್ನಾಗಿ ಉಣ್ಣುತ್ತಿದ್ದಾಳೆ.

ಯುಗಾದಿಯಾದ ಮೇಲೆ ವಿಜಯ ನದಿಗೆ ಬರಲೇ ಇಲ್ಲ. ಹಾಗೆಯೇ ಚಳಿ ಬಂತು. ಹೋದ ವಾರ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಒಂದು ಚೀಲ. ನಾನು ಅವರಿಗೆ ಕೊಟ್ಟಿದ್ದ ರಾಡ್, ರೀಲು, ನಾವಿಬ್ಬರೂ ಕೂತು ಕಟ್ಟಿದ ಹುಸಿ ಹುಳಗಳ ಡಬ್ಬಿ, ಎಲ್ಲ ಒರೆಸಿ ಇಟ್ಟಿದ್ದರು. ಬೆಲ್ ಒತ್ತಿರಲಿಲ್ಲ.

ನನಗೆ ತಡೆಯಲಾಗಲಿಲ್ಲ, ಅವರ ಮನೆಗೆ ಹೋದೆ. ಅವರು ಬಾಗಿಲಲ್ಲೇ ನಿಂತು ಮಾತಾಡಿದರು.

"ಬನ್ನಿ ಮೇಡಂ," ಎಂದರು. ಎರಡು ವರ್ಷ ಆಂಟಿ ಎಂದವರು.

"ನನ್ನ ತಮ್ಮ ಬರೆದದ್ದಕ್ಕೆ ನೀವ್ಯಾಕೆ ನದಿ ಬಿಡ್ತೀರಾ ವಿಜಯ್?"

"ಮೇಡಂ, ನೀವು ಮೀನು ಹಿಡಿದ್ರೆ ಅದು ಹವ್ಯಾಸ. ನಾನು ಹಿಡಿದ್ರೆ ಅದು ಜಾತಿ. ನಿಮ್ಮನ್ನ ನೋಡಿ ಜನ ಏನಂತಾರೆ, ಈ ವಯಸ್ನಲ್ಲೂ ಎಷ್ಟು ಆಕ್ಟಿವ್ ಅಂತಾರೆ. ಇಬ್ರ ಕೈಲೂ ಇರೋದು ಒಂದೇ ರಾಡು."

ಹಾಗೆ ನೋಡುವವರನ್ನು ಲೆಕ್ಕಕ್ಕಿಡಬೇಡಿ ಎಂದೆ. ಅವರು ತುಂಬ ಮೆಲ್ಲಗೆ ಹೇಳಿದರು: "ಅದನ್ನ ಹೇಳೋದು ನಿಮ್ಗೆ ಸುಲಭ. ಯುಗಾದಿ ದಿನ ನೀವು ಒಳಗೆ ಗಟ್ಟಿಯಾಗಿ ಮಾತಾಡಿದ್ರಂತೆ. ಗೊತ್ತಿಲ್ದೇ ಇದ್ದೋರಿಗೂ ಆವತ್ತು ಗೊತ್ತಾಯ್ತು. ನನ್ನನ್ನ ಒಂದ್ಮಾತು ಕೇಳಿದ್ರಾ?"

ಕೇಳಿರಲಿಲ್ಲ. ಅವರ ಪರವಾಗಿ ಸಿಟ್ಟಾಗುವ ಹಕ್ಕು ನನಗಿದೆಯೆಂದು ನಾನೇ ತೀರ್ಮಾನಿಸಿಕೊಂಡುಬಿಟ್ಟಿದ್ದೆ. ನಿನ್ನ ಮೇಲಿನ ಸಿಟ್ಟು ಇದರಿಂದ ಕಡಿಮೆಯಾಗಿದೆ ಎಂದುಕೊಳ್ಳಬೇಡ. ಈಗ ನನ್ನ ಮೇಲೂ ಬಂದಿದೆ, ಅಷ್ಟೆ.

ವತ್ಸಲಾ


ಎಪ್ಪಿಂಗ್
ಸೆಪ್ಟೆಂಬರ್ 11, 2025

ಅಕ್ಕ,

ಹೋದ ಭಾನುವಾರ ನೀನು ಕ್ಲೈಡ್ ನಾರ್ತ್‌ನಲ್ಲಿ ಗೃಹಪ್ರವೇಶಕ್ಕೆ ಹೋಗಿದ್ದಾಗ ನಾನು ಮೆಲ್ಬರ್ನಿಗೆ ಬಂದುಹೋದೆ. ನಿನಗೆ ಹೇಳದೆ ಬಂದದ್ದು ತಪ್ಪು. ಅವತ್ತು ಫಾದರ್ಸ್ ಡೇ, ಆದ್ಯಾಳ ಫೋನ್ ಬರುವುದಿಲ್ಲವೆಂದು ಗೊತ್ತಿತ್ತು. ಬೆಳಗಿನ ಮೊದಲ ವಿಮಾನ ಹತ್ತಿದೆ.

ಅವಳು ಮನೆಯಲ್ಲಿ ಇರಲಿಲ್ಲ. ಮೆಸೇಜ್ ಮಾಡಿದರೆ ನದಿಯ ಹತ್ತಿರ ಇದ್ದೇನೆ ಎಂದಳು. ಟ್ಯಾಕ್ಸಿ ಮಾಡಿಕೊಂಡು ಹೋದೆ. ಅವಳು ದಂಡೆಯ ಮೇಲೆ ಮಂಡಿಯೂರಿ, ದಾರವನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸುತ್ತಿದ್ದಳು. ನನ್ನನ್ನು ನೋಡಿ ಏಳಲಿಲ್ಲ. "ಅಪ್ಪಾ, ಅಲ್ಲೇ ಕೂತ್ಕೊಳ್ಳಿ, ನಿಮ್ಮ shadow ನೀರಿಗೆ ಬೀಳತ್ತೆ" ಎಂದಳು. ಕೂತೆ. ಅವಳಿಗೆ ಒಂದು ಮೀನು ಸಿಕ್ಕಿತು. ಬಿಡುವಾಗ ಅದನ್ನು ನೀರೊಳಗೇ ಹಿಡಿದು, ಅದು ತಾನಾಗಿ ಹೋಗುವ ತನಕ ಕಾದಳು.

"ಅದಕ್ಕೆ ನೋವಾಗಲ್ವೇನೇ?" ಎಂದೆ.

"ಆಗಬಹುದು. I think about it. ಒಂದಿನ ಬಿಟ್ಟರೂ ಬಿಡ್ತೀನಿ." ಆಮೇಲೆ ನನ್ನ ಮುಖ ನೋಡಿದಳು. "ನೀವು ವಿಜಯ್ ಅಂಕಲ್ ಬಗ್ಗೆ ಒಂದ್ಸಲನಾದ್ರೂ ಹಾಗೆ ಕೇಳಿದ್ರಾ ಅಪ್ಪಾ?"

ನಾನು ಅನಸೂಯಾಳ ಹೆಸರು ಹೇಳಲು ಹೋದೆ. "No. ಟೈಪ್ ಮಾಡಿದ್ದು ನೀವು" ಎಂದಳು.

ವಾಪಸ್ಸು ಬರುವಾಗ ಇಂಡಿಯನ್ ಅಂಗಡಿಗೆ ಹೋದೆವು. ಬಿಲ್ ಹಾಕುವ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಮನುಷ್ಯ ಬುಟ್ಟಿ ಹಿಡಿದು ನಿಂತಿದ್ದ. ಕರಿಬೇವು, ಹಾಲು. ಅವನ ಪುಟ್ಟ ಮಗಳು ಪಕ್ಕದಲ್ಲಿ. ನಾನು ಆದ್ಯಾಳ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದೆ. ಅವನು ತಿರುಗಿದ, ಅವಳನ್ನು ನೋಡಿದ, ನನ್ನನ್ನು ನೋಡಿದ. ಅವಳ ಮೂಗು ನನ್ನದೇ ಎಂದು ಎಲ್ಲರೂ ಹೇಳುತ್ತಾರಲ್ಲ. ಅವನಿಗೆ ಅರ್ಥವಾಯಿತು. "ವಿಜಯ್ ಅಂಕಲ್" ಎಂದಳು ಆದ್ಯಾ, ನನಗೂ ಅರ್ಥವಾಯಿತು.

"You go first, sir," ಎಂದ. ಬುಟ್ಟಿಯನ್ನು ಕೆಳಗಿಟ್ಟು, ಮಗಳ ಕೈ ಹಿಡಿದು, ಏನನ್ನೂ ಕೊಳ್ಳದೆ ಹೊರಗೆ ಹೋದ. ಆ ಮಗು, "ಅಪ್ಪಾ, milk?" ಎಂದು ಕೇಳುತ್ತಲೇ ಇತ್ತು.

ಕನ್ನಡದಲ್ಲಿ ಬೈದಿದ್ದರೆ ನಾನು ತಿರುಗಿ ಬೈಯುತ್ತಿದ್ದೆ. ಅವರು ನನ್ನೊಂದಿಗೆ ಕನ್ನಡವನ್ನೇ ಆಡಲಿಲ್ಲ ಅಕ್ಕ. ಹೊರಗೆ ಬಂದು ನೋಡಿದೆ, ಕಾರು ಹೊರಟುಹೋಗಿತ್ತು. ಒಳಗೆ ಆ ಹಾಲಿನ ಬುಟ್ಟಿ ಇನ್ನೂ ಅಲ್ಲೇ ನೆಲದ ಮೇಲಿತ್ತು, ಜನ ಅದನ್ನು ದಾಟಿಕೊಂಡು ಹೋಗುತ್ತಿದ್ದರು. ಅಲ್ಲಿಯವರೆಗೆ ವಿಜಯ ಎಂದರೆ ನನಗೆ ಫೋಟೋದ ಅಂಚಿನಲ್ಲಿದ್ದ ಯಾರೋ.

ಕ್ಷಮೆ ಕೇಳಿ ಒಂದು ಕಾಗದ ಬರೆದಿದ್ದೇನೆ. ಇದರ ಜೊತೆ ಇಟ್ಟಿದ್ದೇನೆ. ನೀನು ತೆಗೆದುಕೊಂಡು ಹೋಗಿ ಅವರ ಕೈಗೆ ಕೊಡುತ್ತೀಯಾ?

ನಿನ್ನ,
ಬದರಿ


ಟಾರ್ನೀಟ್
ಸೆಪ್ಟೆಂಬರ್ 17, 2025

ಬದರಿ,

ಕೊಡುವುದಿಲ್ಲ. ಲಕೋಟೆಯನ್ನು ಒಡೆಯದೆ ವಾಪಸ್ಸು ಕಳಿಸುತ್ತಿದ್ದೇನೆ. ಅವರನ್ನು ಕೇಳಿಯೇ ಅವರ ವಿಳಾಸ ಅದರ ಹಿಂದೆ ಬರೆದಿದ್ದೇನೆ, ನೀನೇ ಅಂಚೆಗೆ ಹಾಕು. ಅವರನ್ನು ಕೇಳದೆ ಅವರ ವಿಷಯದಲ್ಲಿ ಇನ್ನೊಂದು ಹೆಜ್ಜೆ ನಾನು ಇಡುವುದಿಲ್ಲ. ನೀನೂ ಇಡಬೇಡ.

ನೀನು ಬಂದದ್ದು ಗೊತ್ತಿತ್ತು. ಆದ್ಯಾ ಅದೇ ಸಂಜೆ ಹೇಳಿದಳು. ಮುಂದಿನ ಸಲ ಬಂದಾಗ ಮನೆಗೆ ಬಾ.

ಅಕ್ಕ


ಟಾರ್ನೀಟ್
ನವೆಂಬರ್ 20, 2025

ಶ್ರೀ ಬದರಿನಾಥ ಅವರಿಗೆ,

ನಿಮ್ಮ ಕಾಗದ ಸೆಪ್ಟೆಂಬರ್ ಕೊನೆಗೇ ತಲುಪಿತು. ಉತ್ತರಿಸಬಾರದು ಎಂದುಕೊಂಡಿದ್ದೆ. ಆಮೇಲೆ ನಡೆದದ್ದರಿಂದ ಬರೆಯುತ್ತಿದ್ದೇನೆ.

ಕಾಗದದಲ್ಲಿ ನೀವು ನೇರವಾಗಿ ಬರೆದಿದ್ದಿರಿ, ನೆಪ ಹೇಳಿರಲಿಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ರಾಜ್ಯೋತ್ಸವದ ದಿನ ನೀವು ಅನಸೂಯಾ ಅವರ ಮೂಲಕ ನಮ್ಮ ಬಳಗದ ಗ್ರೂಪಿನಲ್ಲೂ ಕ್ಷಮೆಯನ್ನು ಹಾಕಿಸಿದಿರಿ. ಬಹಿರಂಗವಾಗಿ ನೋಯಿಸಿದ್ದಕ್ಕೆ ಬಹಿರಂಗವಾಗಿ ಕೇಳಬೇಕು ಅಂದುಕೊಂಡಿರಬೇಕು. ಅದರ ಕೆಳಗೆ ಏನು ಬಂತು ಎಂದು ನಿಮಗೆ ಯಾರಾದರೂ ತೋರಿಸಿದರೋ ಇಲ್ಲವೋ. "ಎಂಥ ದೊಡ್ಡ ಮನಸ್ಸು ಸರ್." "ಇದು ಸಂಸ್ಕಾರ ಅಂದ್ರೆ." ಕೈಮುಗಿದ ಚಿತ್ರಗಳು ಮೇಲಿಂದ ಕೆಳಗಿನವರೆಗೆ. ಎಲ್ಲ ನಿಮಗೆ. ನನ್ನನ್ನು ಹೇಗಿದ್ದೀಯ ಎಂದು ಕೇಳಿದವರು ಒಬ್ಬರೂ ಇಲ್ಲ. ಆ ದಿನ ನೀವು ದೊಡ್ಡವರಾದಿರಿ. ಈ ವರ್ಷ ಹೊಸದಾಗಿ ಬಳಗಕ್ಕೆ ಸೇರಿದವರಿಗೆ ನಾನು ಯಾರೆಂದು ಗೊತ್ತಾಯಿತು.

ಮಾರನೆಯ ದಿನ ಮೂರ್ತಿಯವರು ಫೋನ್ ಮಾಡಿ, "ಈಗೆಲ್ಲಾ ಸರಿಹೋಯ್ತಲ್ಲ ವಿಜಯ್, ಮುಂದಿನ್ ಶನಿವಾರ ಬಳಗದ ದೀಪಾವಳಿ ಊಟಕ್ಕೆ ಬಡ್ಸಕ್ಕೆ ಬನ್ನಿ" ಎಂದರು. ನಿಮ್ಮ ಕ್ಷಮೆ ಅವರಿಗೂ ಉಪಯೋಗಕ್ಕೆ ಬಂತು. ಬರುವುದಿಲ್ಲ ಎಂದೆ. ಕಾರಣ ಕೇಳಲಿಲ್ಲ, ಅವರಿಗೆ ಸಮಾಧಾನವಾದ ಹಾಗಿತ್ತು.

ನನ್ನ ತಂದೆ ಕಬಿನಿ ಹಿನ್ನೀರಿನಲ್ಲಿ ತೆಪ್ಪ ಹಾಕಿದವರು. ನಾನು ಬಲೆ ಮುಟ್ಟಲು ಹೋದರೆ ಕೈಗೆ ಹೊಡೆಯುತ್ತಿದ್ದರು. "ನಿನ್ ಕೈ ಪುಸ್ತಕ ಹಿಡೀಲಿ" ಎನ್ನುತ್ತಿದ್ದರು. ಅವರ ಕೆಲಸದ ಬಗ್ಗೆ ನಾಚಿಕೆಯಿಂದಲ್ಲ. ಆ ಕೆಲಸ ಮಾಡುವವನನ್ನು ಊರು ಎಲ್ಲಿ ನಿಲ್ಲಿಸುತ್ತದೆ ಎಂದು ಅವರು ನೋಡಿದ್ದರು. ನಲವತ್ತು ದಾಟಿದ ಮೇಲೆ, ಇಷ್ಟು ದೂರದ ನದಿಯೊಂದರಲ್ಲಿ, ಬರೀ ಸಂತೋಷಕ್ಕೆ ನೀರಿಗೆ ಇಳಿಯಬಹುದು ಎಂದು ನನಗೆ ಮೊದಲ ಸಲ ಅನ್ನಿಸಿತ್ತು. ನೀವು ನಗುವ ಮುಖ ಹಾಕಿದ್ದು ಅದರ ಮೇಲೆ.

ನನ್ನ ಮಗಳು ಸಾನ್ವಿ ಯಾರದೋ ಬಾಯಲ್ಲಿ ಆ ಪದ ಕೇಳಿ ಬಂದು, "ಅಪ್ಪಾ, ಬೆಸ್ತ means what? Is it like 'best'?" ಎಂದು ಕೇಳಿದಳು. ಅವಳಿಗೆ ಸುಳ್ಳು ಹೇಳಲಾಗಲಿಲ್ಲ. ಅಜ್ಜನ ತೆಪ್ಪ, ಬಲೆ, ಹೊಳೆ ಎಲ್ಲ ಹೇಳಿದೆ. ಜನ ಅದನ್ನು ಹೇಗೆ ಆಡುತ್ತಾರೆ ಎಂಬುದನ್ನೂ ಹೇಳಿದೆ. ಒಂಬತ್ತು ವರ್ಷದ ಮಗುವಿಗೆ ಅದನ್ನು ಹೇಳಬೇಕಾಗಿ ಬಂದದ್ದಕ್ಕೆ ನಾನು ಯಾರನ್ನೂ ಮನ್ನಿಸಲಾರೆ. ಎಲ್ಲ ಕೇಳಿ ಅವಳು, "Can you teach me?" ಎಂದಳು.

ಹಾಗಾಗಿ ಒಂದು ತಿಂಗಳಿಂದ ನಾನು ಮತ್ತೆ ನದಿಗೆ ಹೋಗುತ್ತಿದ್ದೇನೆ. ಹೊಸ ರಾಡ್ ಕೊಂಡಿದ್ದೇನೆ. ನಾವು ಬಿಡಬೇಕೆನ್ನಿಸಿದ್ದನ್ನು ಬಿಡುತ್ತೇವೆ, ಒಮ್ಮೊಮ್ಮೆ ಮನೆಗೆ ತಂದು ಸಾರು ಮಾಡುತ್ತೇವೆ. ಇದನ್ನು ಮುಚ್ಚಿಡುತ್ತಿಲ್ಲ. ನಿಮ್ಮ ಅಕ್ಕನವರು ಸಿಕ್ಕಾಗ ಮಾತಾಡುತ್ತೇವೆ. ಮೊದಲಿನ ಹಾಗಲ್ಲ, ಆದರೂ ಮಾತಾಡುತ್ತೇವೆ. ಅವರು ಈಗ ಏನನ್ನಾದರೂ ಹೇಳುವ ಮೊದಲು ನನ್ನನ್ನು ಕೇಳುತ್ತಾರೆ.

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆದರೆ ನಿಮಗೆ ನಿದ್ದೆ ಬರುತ್ತದೆ. ಆದರೆ ಅದು ನಿಜವಲ್ಲ, ಹಾಗಾಗಿ ಬರೆಯುವುದಿಲ್ಲ. ಮುಂದೆ ಆಗುತ್ತದೋ ಗೊತ್ತಿಲ್ಲ. ಆದರೆ ತಿಳಿಸುತ್ತೇನೆ ಎಂದು ಮಾತು ಕೊಡಲಾರೆ.

ಆದ್ಯಾ ನಿಮ್ಮನ್ನು ಬೇಸಿಗೆ ರಜೆಯಲ್ಲಿ ನದಿಗೆ ಕರೆಯಬೇಕೆಂದಿದ್ದಾಳೆ, ನನಗೆ ಬೇಸರವಾಗುತ್ತದೋ ಎಂದು ಕೇಳಿದಳು. ಬನ್ನಿ. ನದಿ ನನ್ನದಲ್ಲ, ದಂಡೆಯೂ ಉದ್ದವಾಗಿದೆ. ಮೇಲಿನ ಸೇತುವೆಯ ಹತ್ತಿರ ನಾನೂ ನನ್ನ ಮಗಳೂ ಇರುತ್ತೇವೆ. ಅಲ್ಲಿಯವರೆಗೆ ಬರಬೇಡಿ.

ವಿಜಯ ಈರಯ್ಯ